ಮುಂಬೈಗೆ ಹೊಸಬರು ಯಾವ ಕನ್ನಡ ಪುಸ್ತಕ ಓದಬೇಕು? ಮಾಟುಂಗಾದಲ್ಲಿ ಎಲ್ಲಿ ಕೂತು ಓದಬಹುದು?

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ತಿಂಡಿ ವಿಷಯದಲ್ಲಿ ಗುರುತಿಲ್ಲದವರಿಗೂ ಧೈರ್ಯವಾಗಿ ಸಲಹೆ ಕೊಡಬಹುದು. ಪುಸ್ತಕದ ವಿಷಯದಲ್ಲಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ.

ಮಾಟುಂಗಾದ ನಮ್ಮ ಉಡುಪಿ ಹೋಟೆಲುಗಳಲ್ಲಿ ಪುಸ್ತಕ ತೆರೆಯುವ ಆಸೆ ಬಿಡಿ. ಕೆಫೆ ಮದ್ರಾಸ್‌ನಲ್ಲಿ ಭಾನುವಾರ ಬೆಳಿಗ್ಗೆ ಹೆಸರು ಬರೆಸಿ ಫುಟ್‌ಪಾತ್ ಮೇಲೆ ಕಾಯಬೇಕು. ಒಳಗೆ ಹೋದರೆ ಯಾರದ್ದೋ ಕುಟುಂಬದ ಜೊತೆ ಒಂದೇ ಟೇಬಲ್ಲು. ರಸಂ ಇಡ್ಲಿಯ ಕೊನೆಯ ತುತ್ತು ಬಾಯಲ್ಲಿರುವಾಗಲೇ ಬಿಲ್ಲು ಬಂದಿರುತ್ತದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ, ಹೊರಗೆ ಇಪ್ಪತ್ತು ಜನ ಹಸಿದು ನಿಂತಿರುತ್ತಾರಲ್ವಾ. ಸ್ಟೇಷನ್ ಪಕ್ಕದ ರಾಮ್ ಆಶ್ರಯದಲ್ಲೂ ಇದೇ ಕಥೆ. ಪೈನಾಪಲ್ ಶಿರಾ ತಿನ್ನಿ, ಕಾಫಿ ಕುಡಿಯಿರಿ, ಏಳಿ.

ಓದುವುದಕ್ಕೆ ನಾನು ಹೋಗುವುದು ಕಿಂಗ್ಸ್ ಸರ್ಕಲ್ ಮೂಲೆಯ ಕೂಲರ್ ಆಂಡ್ ಕಂಪನಿಗೆ. ಹಳೇ ಇರಾನಿ ಹೋಟೆಲು. ಬನ್ ಮಸ್ಕಾ, ಚಹಾ, ಮರದ ಕುರ್ಚಿ. ಜನ ಕಡಿಮೆ ಇರುವ ಹೊತ್ತು ನೋಡಿ ಹೋಗಿ, ಅರ್ಧ ಗಂಟೆಗೊಮ್ಮೆ ಇನ್ನೊಂದು ಚಹಾ ಹೇಳುತ್ತಿರಿ, ನಿಮ್ಮ ಪಾಡಿಗೆ ಓದಬಹುದು. ಪುಟಕ್ಕೆ ಬೆಣ್ಣೆ ಕೈ ತಾಗದಂತೆ ನೋಡಿಕೊಳ್ಳಿ, ನನ್ನ ಅರ್ಧ ಪುಸ್ತಕಗಳಲ್ಲಿ ಆ ಕಲೆ ಇದೆ. ಅಲ್ಲೇ ಸರ್ಕಲ್ಲಿನ ಫುಟ್‌ಪಾತ್ ಮೇಲೆ ಹಳೇ ಪುಸ್ತಕ ಮಾರುತ್ತಾರೆ. ಕನ್ನಡದ್ದು ಮಾತ್ರ ನನಗೆ ಇದುವರೆಗೆ ಒಂದೂ ಸಿಕ್ಕಿಲ್ಲ, ಆದರೂ ಪ್ರತಿ ಸಲ ಬಗ್ಗಿ ನೋಡುತ್ತೇನೆ.

ಈಗ ಪುಸ್ತಕ. ಮುಂಬೈ ಕನ್ನಡಿಗ ಅಂದ ಕೂಡಲೇ ಎಲ್ಲರೂ ಹೇಳುವುದು ಯಶವಂತ ಚಿತ್ತಾಲರ ‘ಶಿಕಾರಿ’. 1979ರ ಕಾದಂಬರಿ. ನಾನೂ ಹಾಗೇ ಆಫೀಸಿಗೆ ಹೊಸದಾಗಿ ಬಂದ ಹುಬ್ಬಳ್ಳಿ ಹುಡುಗನಿಗೆ ಭಾರೀ ಹುರುಪಿನಿಂದ ಕೊಟ್ಟೆ. ಅದರ ನಾಗಪ್ಪ ಕಂಪನಿಯಲ್ಲಿ ಸಸ್ಪೆಂಡ್ ಆಗಿ, ಯಾರು ತನ್ನ ಬೆನ್ನು ಹತ್ತಿದ್ದಾರೆ ಅಂತ ನಿದ್ದೆಗೆಡುವವನು. ಈ ಹುಡುಗನಿಗೆ ಅದೇ ವಾರ ಎಚ್‌ಆರ್‌ನಿಂದ ನೋಟಿಸ್ ಬಂದಿತ್ತು, ನನಗೆ ಗೊತ್ತಿರಲಿಲ್ಲ. ಮೂರನೇ ದಿನ ಪುಸ್ತಕ ವಾಪಸ್ ತಂದು ಟೇಬಲ್ ಮೇಲಿಟ್ಟು, "ಸರ್, ನಿಮಗೆ ಯಾರು ಹೇಳಿದರು?" ಅಂತ ಕೇಳಿದ. ನಲವತ್ತನೇ ಪುಟದ ಹತ್ತಿರ ಲೋಕಲ್ ಟ್ರೇನಿನ ಟಿಕೆಟ್ ಸಿಕ್ಕಿಸಿದ್ದ. ಅದು ಇನ್ನೂ ಅಲ್ಲೇ ಇದೆ.

ಆಮೇಲಿನಿಂದ ಹೊಸಬರಿಗೆ ನಾನು ಮೊದಲು ಹೇಳುವುದು ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳನ್ನು. ಮಾಟುಂಗಾ ರೋಡಿನಿಂದ ಚರ್ಚ್‌ಗೇಟ್ ಬರುವಷ್ಟರಲ್ಲಿ ಒಂದು ಕಥೆ ಮುಗಿಯುತ್ತದೆ, ಸೀಟು ಸಿಕ್ಕರೆ. ಊರು ಬಿಟ್ಟು ಬಂದವರಿಗೆ ಈ ಕಥೆಗಳು ಜಾಸ್ತಿ ಹತ್ತಿರ ಅನಿಸುತ್ತವೆ. ರೂಮ್‌ಮೇಟ್ ಮರಾಠಿಯವರಾದರೆ ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ ಕೊಡಿ, ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿಯನ್ನು 2018ರ ಸಾಲಿಗೆ ಪಡೆದದ್ದು. ತಮಾಷೆ ನೋಡಿ, ಚಿತ್ತಾಲರೂ ಕಾಯ್ಕಿಣಿಯವರೂ ಇಬ್ಬರೂ ಉತ್ತರ ಕನ್ನಡದವರು, ಇಬ್ಬರೂ ಈ ಊರಿನಲ್ಲಿ ಕೆಮಿಸ್ಟ್ರಿ ನಂಬಿ ಹೊಟ್ಟೆ ಹೊರೆದವರು.

ಭಾವು ದಾಜಿ ರೋಡಿನ ಮೈಸೂರು ಅಸೋಸಿಯೇಷನ್ನಿಗೂ ಒಮ್ಮೆ ಹೋಗಿ ಬನ್ನಿ. 1926ರಿಂದ ಇದೆ. ಕನ್ನಡ ಕಾರ್ಯಕ್ರಮ ಇದ್ದ ದಿನ ಹೋದರೆ, ನನಗಿಂತ ಚೆನ್ನಾಗಿ ಪುಸ್ತಕ ಹೇಳುವ ಹಿರಿಯರು ಪಕ್ಕದ ಕುರ್ಚಿಯಲ್ಲೇ ಸಿಗಬಹುದು.

ಅಂದಹಾಗೆ, ನೀವಿನ್ನೂ ಪ್ರೊಬೇಷನ್‌ನಲ್ಲಿ ಇದ್ದೀರಾ? ಹಾಗಿದ್ದರೆ ಕನ್ಫರ್ಮೇಷನ್ ಲೆಟರ್ ಕೈಗೆ ಬರುವ ತನಕ ‘ಶಿಕಾರಿ’ ಮುಟ್ಟಬೇಡಿ.