ಜೆಂಕಿನ್ಸ್ ಡಿಪ್ಲಾಯ್ ಮಾಡುತ್ತದೆ, ಆದರೆ ಬೆಳಿಗ್ಗೆ ಪಾಡ್‌ಗಳಿಗೆ ಇಮೇಜ್ ಸಿಗುವುದಿಲ್ಲ: ಯಾಕೆ?

ನೀವು ಹೇಳಿದ ಸ್ಥಿತಿ ಇದು: ಹುಬ್ಬಳ್ಳಿ ಗೋಕುಲ ರಸ್ತೆಯ ಆಫೀಸಿನಲ್ಲಿ ಮೂರು ನೋಡ್‌ಗಳ (ಮಷೀನ್‌ಗಳ) ಕೆ3ಎಸ್ ಕ್ಲಸ್ಟರ್, ಅಂದರೆ ಹಗುರ ಕುಬರ್ನೆಟಿಸ್; ಅದರಲ್ಲಿ ಆ್ಯಪ್‌ಗಳು ಪಾಡ್ ಎಂಬ ಘಟಕಗಳಾಗಿ ಓಡುತ್ತವೆ. ಆ ಆ್ಯಪ್‌ಗಳ ಇಮೇಜ್‌ಗಳು (ಓಡಿಸಲು ಸಿದ್ಧವಾದ ಪ್ಯಾಕೇಜ್‌ಗಳು) ಅಮೆಜಾನ್‌ನ ಇಮೇಜ್ ಉಗ್ರಾಣವಾದ ಇಸಿಆರ್‌ನ ಮುಂಬೈ ರೀಜನ್‌ನಲ್ಲಿ. ಡಿಪ್ಲಾಯ್ ಮಾಡುವುದು ಜೆಂಕಿನ್ಸ್ ಎಂಬ ಆಟೊಮೇಶನ್ ಸರ್ವರ್. ಸಂಜೆ ಡಿಪ್ಲಾಯ್ ಸಲೀಸು. ರಾತ್ರಿ ಕರೆಂಟ್ ಹೋಗಿ ಒಂದು ನೋಡ್ ಬಿದ್ದರೆ ಬೆಳಿಗ್ಗೆ ಇಮೇಜ್‌ಪುಲ್‌ಬ್ಯಾಕ್‌ಆಫ್, ಅಂದರೆ ಇಮೇಜ್ ಎಳೆಯಲಾಗದೆ ಪಾಡ್ ನಿಂತಿರುವ ಸ್ಥಿತಿ.

ಜೆಂಕಿನ್ಸ್‌ನ ಕ್ರೆಡೆನ್ಶಿಯಲ್ ಎಷ್ಟು ಸಲ ಬದಲಿಸಿದರೂ ಇದು ಸರಿಹೋಗುವುದಿಲ್ಲರಿ. ಜೆಂಕಿನ್ಸ್ ಕ್ಲಸ್ಟರ್‌ನ ಎಪಿಐ ಸರ್ವರ್‌ಗೆ ಯಾಮಲ್ (ಏನು ಓಡಬೇಕೆಂಬ ವಿವರದ ಫೈಲ್) ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಇಮೇಜ್ ಎಳೆಯುವುದು ಆಯಾ ನೋಡ್‌ನ ಕೆಲಸ. ಇಸಿಆರ್ ಪಾಸ್‌ವರ್ಡ್‌ನ ಆಯುಷ್ಯ 12 ತಾಸು. ಅದನ್ನು ಒಮ್ಮೆ ಸೀಕ್ರೆಟ್‌ನಲ್ಲಿ (ಕ್ಲಸ್ಟರ್ ಗುಟ್ಟಿನ ಮಾಹಿತಿ ಇಡುವ ಜಾಗದಲ್ಲಿ) ತುಂಬಿ ಬಿಟ್ಟಿದ್ದೀರಿ. ಇಮೇಜ್ ಮೊದಲೇ ಇಳಿದಿರುವ ನೋಡ್‌ನಲ್ಲಿ ಏನೂ ಗೊತ್ತಾಗುವುದಿಲ್ಲ, ಪಾಡ್ ಬೇರೆ ನೋಡ್‌ಗೆ ಹೋದಾಗಲೇ ಬಣ್ಣ ಬಯಲು. ಕ್ಯೂಬ್‌ಸಿಟಿಎಲ್ ಡಿಸ್ಕ್ರೈಬ್ ಪಾಡ್ ಎಂಬ ಕಮಾಂಡ್ ಹೊಡೆದು ಕೊನೆಯ ಈವೆಂಟ್ಸ್ ಓದಿರಿ: ಟೋಕನ್ (ಅಂದರೆ ಆ ಪಾಸ್‌ವರ್ಡ್) ಅವಧಿ ಮುಗಿದಿದೆ ಎಂದಿದ್ದರೆ ಇದೇ ರೋಗ. ನಾಟ್ ಫೌಂಡ್ ಎಂದಿದ್ದರೆ ಮೊದಲು ಇಮೇಜ್‌ನ ಟ್ಯಾಗ್ (ಆವೃತ್ತಿಯ ಹೆಸರು) ನೋಡಿಕೊಳ್ಳಿರಿ.

6 ತಾಸಿಗೊಮ್ಮೆ ಓಡುವ ಒಂದು ಕ್ರಾನ್‌ಜಾಬ್ ಇಡಿರಿ. 12ಕ್ಕೆ ಇಟ್ಟರೆ ಒಂದು ಸರದಿ ತಪ್ಪಿದರೂ ಕೆಲಸ ಕೆಟ್ಟಿತು. ಅದು ಹೊಸ ಪಾಸ್‌ವರ್ಡ್ ತೆಗೆದು ಅದೇ ಹೆಸರಿನ ಸೀಕ್ರೆಟ್ ಮೇಲೆ ಅಪ್ಲೈ ಮಾಡಬೇಕು. ಯೂಸರ್‌ನೇಮ್ ಎಡಬ್ಲ್ಯುಎಸ್ (AWS) ಎಂಬ ಮೂರು ದೊಡ್ಡಕ್ಷರ, ನಿಮ್ಮ ಐಎಎಮ್ (ಅಮೆಜಾನ್ ಖಾತೆಯ ಬಳಕೆದಾರ) ಹೆಸರಲ್ಲ. ಬಹಳ ಮಂದಿ ಎಡವುವುದು ಇಲ್ಲೇ. ಕ್ರಾನ್‌ಜಾಬ್ ಬಳಸುವ ಐಎಎಮ್ ಕೀಗೆ ಇಸಿಆರ್ ಓದುವ ಹಕ್ಕಷ್ಟೇ ಸಾಕು. ಕರೆಂಟ್ ಬಂದ ಮೇಲೆ ಕಾಯಲು ಪುರುಸೊತ್ತಿಲ್ಲದಿದ್ದರೆ ಆ ಕ್ರಾನ್‌ಜಾಬ್‌ನಿಂದಲೇ ಕೈಯಾರೆ ಒಂದು ಜಾಬ್ ಓಡಿಸಬಹುದು. ನೋಡ್‌ಗಳಲ್ಲೇ ಇಸಿಆರ್ ಕ್ರೆಡೆನ್ಶಿಯಲ್ ಪ್ರೊವೈಡರ್ (ಪಾಸ್‌ವರ್ಡ್ ತಾನೇ ತಂದುಕೊಡುವ ಪ್ಲಗಿನ್) ಹಾಕುವುದು ಇನ್ನೂ ಚೊಕ್ಕ, ಆಗ ಸೀಕ್ರೆಟ್ಟೇ ಬೇಡ. ಆದರೆ ಮೂರೂ ನೋಡ್‌ಗಳಲ್ಲಿ ಮಾಡಬೇಕು.

ಸೀಕ್ರೆಟ್ ಒಂದು ನೇಮ್‌ಸ್ಪೇಸ್‌ನ (ಕ್ಲಸ್ಟರ್‌ನೊಳಗಿನ ಒಂದು ವಿಭಾಗದ) ಸ್ವತ್ತು. ಸ್ಟೇಜಿಂಗ್‌ನಲ್ಲಿದ್ದದ್ದು ಪ್ರೊಡಕ್ಷನ್‌ಗೆ ಕಾಣದು, ಎರಡರಲ್ಲೂ ಮಾಡಿರಿ.

ಕೇಳದಿದ್ದರೂ ಒಂದು ಮಾತು. ಜೆಂಕಿನ್ಸ್‌ಗೆ ಕೆ3ಎಸ್‌ನ ಮೂಲ ಕ್ಯೂಬ್‌ಕಾನ್ಫಿಗನ್ನೇ (ಕ್ಲಸ್ಟರ್‌ಗೆ ಪ್ರವೇಶ ಕೊಡುವ ಫೈಲನ್ನೇ) ಕಾಪಿ ಮಾಡಿ ಕೊಟ್ಟಿದ್ದೀರಲ್ಲ, ಅದು ಇಡೀ ಕ್ಲಸ್ಟರ್‌ನ ಯಜಮಾನಿಕೆ. ಬೇರೆ ಸರ್ವಿಸ್ ಅಕೌಂಟ್ (ಪ್ರೋಗ್ರಾಮ್‌ಗಾಗಿನ ಖಾತೆ) ಮಾಡಿ, ಅದು ಡಿಪ್ಲಾಯ್ ಮಾಡುವ ನೇಮ್‌ಸ್ಪೇಸ್‌ಗೆ ಸೀಮಿತವಾದ ರೋಲ್ (ಹಕ್ಕುಗಳ ಪಟ್ಟಿ) ಮತ್ತು ಅದನ್ನು ಖಾತೆಗೆ ಕಟ್ಟುವ ರೋಲ್‌ಬೈಂಡಿಂಗ್ ಕೊಡಿರಿ. ಕುಬರ್ನೆಟಿಸ್ 1.24ರಿಂದ ಅಕೌಂಟ್ ಜೊತೆ ಟೋಕನ್ ಸೀಕ್ರೆಟ್ ತಾನಾಗಿ ಹುಟ್ಟುವುದಿಲ್ಲ; ಕ್ರಿಯೇಟ್ ಟೋಕನ್ ಎಂದರೆ ಸಾಮಾನ್ಯವಾಗಿ 1 ತಾಸಿನದು ಸಿಗುತ್ತದೆ. ಪೈಪ್‌ಲೈನ್‌ಗೆ ಸಾಲದೆನಿಸಿದರೆ ಡ್ಯುರೇಶನ್ ಕೊಟ್ಟು ಕೇಳಿರಿ. ಕೊಟ್ಟ ಹಕ್ಕು ಎಷ್ಟೆಂದು ಕ್ಯೂಬ್‌ಸಿಟಿಎಲ್ ಆಥ್ ಕ್ಯಾನ್-ಐ ಮಾಡಿ ನೋಡಿಕೊಂಡು, ಆಮೇಲೆ ಹಳೇ ಫೈಲನ್ನು ಜೆಂಕಿನ್ಸ್‌ನಿಂದ ಅಳಿಸಿರಿ.