ಪಕ್ಷವಿಲ್ಲ, ದುಡ್ಡಿಲ್ಲ, ಮನೆತನದ ಹೆಸರಿಲ್ಲ: ಎಂಎಲ್‌ಎ ಚುನಾವಣೆಗೆ ನಿಲ್ಲಬಹುದೇ?

ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ವಯಸ್ಸು 34, ಮನೆಯಲ್ಲಿ ಗ್ರಾಮ ಪಂಚಾಯಿತಿ ಮೆಂಬರ್ ಆದವರೂ ಇಲ್ಲ, 2028ಕ್ಕೆ ಊರಿನ ಕ್ಷೇತ್ರದಿಂದ ಪಕ್ಷೇತರನಾಗಿ ನಿಲ್ಲಬೇಕು ಅಂತಿದ್ದೀನಿ, ಇದು ಹುಚ್ಚಾ ಅಂತ ಕೇಳಿದ್ದೀರಿ. ಹುಚ್ಚು ಹೌದೋ ಅಲ್ಲವೋ ನೀವೇ ತೀರ್ಮಾನಿಸಿ. ನಾನು ಕಂಡದ್ದು ಹೇಳುತ್ತೇನೆ.

2023ರಲ್ಲಿ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಪಕ್ಷೇತರರಾಗಿ ನಿಂತಿದ್ದರು. ಬಯಲುಸೀಮೆಯ ತಾಲ್ಲೂಕು, ಹೆಸರು ಬೇಡ. ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡವರು. ನಾನೇ ಅವರ ಚುನಾವಣಾ ಏಜೆಂಟ್. ಠೇವಣಿ ಹೋಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾಗದಪತ್ರದ ಕೆಲಸಕ್ಕೆ ಜನ ಸುಮ್ಮನೆ ಹೆದರುತ್ತಾರೆ. 25 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ಒಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನಿಮ್ಮ ಹೆಸರು ಬೆಂಗಳೂರಿನ ಪಟ್ಟಿಯಲ್ಲೇ ಇದ್ದರೂ ಊರಲ್ಲಿ ನಿಲ್ಲಬಹುದು, ಆ ಪಟ್ಟಿಯ ದೃಢೀಕೃತ ಪ್ರತಿ ಲಗತ್ತಿಸಿದರೆ ಸಾಕು. ಆದರೆ ನಿಮಗೆ ನೀವೇ ಓಟು ಹಾಕಿಕೊಳ್ಳಲಾಗುವುದಿಲ್ಲ, ಊರವರ ಬಾಯಿಗೆ ಅದೊಂದೇ ಸಾಕು. ಈಗಲೇ ವರ್ಗಾಯಿಸಿಕೊಳ್ಳಿ. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ-ಪಂಗಡದವರಿಗೆ 5,000. ಅಫಿಡವಿಟ್‌ನಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡಬೇಡಿ. 'ಇಲ್ಲ' ಅಥವಾ 'ಅನ್ವಯಿಸುವುದಿಲ್ಲ' ಅಂತಾದರೂ ಬರೆಯಿರಿ. ಪರಿಶೀಲನೆಯ ದಿನ ತಿರಸ್ಕೃತವಾಗುವುದು ಇಂಥ ಸಣ್ಣ ಸಂಗತಿಗಳಿಗೇ.

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ನಾಮಪತ್ರಕ್ಕೆ ಸಹಿ ಹಾಕುವ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು, ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ಈ ನಿಯಮ ಬರುವುದಕ್ಕೆ ನಮ್ಮ ಬೆಳಗಾವಿಯ ಪಾಲೂ ಇದೆ. 1996ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿ 456 ಜನ ನಿಂತಿದ್ದರು. ಅದೇ ವರ್ಷ ತಮಿಳುನಾಡಿನ ಮೊಡಕ್ಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ 1,033 ಜನ! ಆಗ ವಿಧಾನಸಭೆಗೆ ಠೇವಣಿ ಬರೀ 250 ರೂಪಾಯಿ. ಅದೇ ವರ್ಷ ಕಾನೂನು ತಿದ್ದಿ ಠೇವಣಿ ಏರಿಸಿದರು, ಸೂಚಕರನ್ನು ಹತ್ತಕ್ಕೆ ತಂದರು. ನಮಗೆ ಹತ್ತು ಸಹಿ ಸಿಗುವುದೇನೂ ಕಷ್ಟವಾಗಲಿಲ್ಲ. ಆದರೆ ಸಹಿ ಹಾಕಿದ ಹತ್ತರಲ್ಲಿ ಇಬ್ಬರ ಮನೆಗೆ ಅವತ್ತು ರಾತ್ರಿಯೇ ಬೇರೆ ಕಡೆಯವರು ಹೋಗಿ ಬಂದಿದ್ದರು. ಹತ್ತು ಬೇಕೆಂದರೆ ಹದಿನೈದು ಜನರನ್ನು ಸಿದ್ಧ ಇಟ್ಟುಕೊಳ್ಳಿ.

ನಿಜವಾದ ಕಷ್ಟ ದಿನಗಳದ್ದು. 2023ರಲ್ಲಿ ಏಪ್ರಿಲ್ 13ಕ್ಕೆ ಅಧಿಸೂಚನೆ, 20ಕ್ಕೆ ನಾಮಪತ್ರ ಮುಗಿಯಿತು, 24ಕ್ಕೆ ಹಿಂತೆಗೆತ, ಮೇ 10ಕ್ಕೆ ಮತದಾನ. ಪಕ್ಷೇತರನಿಗೆ ಚಿಹ್ನೆ ಸಿಗುವುದು ಹಿಂತೆಗೆತ ಮುಗಿದ ಮೇಲೆ. ಮತದಾನಕ್ಕೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ಬಂದ್. ಲೆಕ್ಕ ಹಾಕಿ, ಚಿಹ್ನೆ ಹಿಡಿದು ಓಡಾಡಲು ಸಿಗುವುದು ಎರಡೇ ವಾರ. ಕೈ, ಕಮಲ, ತೆನೆ ಹೊತ್ತ ಮಹಿಳೆಯನ್ನು ಜನ ಹುಟ್ಟಿದಾಗಿನಿಂದ ನೋಡಿದ್ದಾರೆ. ನಾವು ಆಟೋ ಕೇಳಿದ್ದೆವು, ಸಿಕ್ಕಿದ್ದು ಗ್ಯಾಸ್ ಸಿಲಿಂಡರ್. ಆ ಚುನಾವಣೆಯಲ್ಲಿ ಸಿಲಿಂಡರ್ ಬೆಲೆಯೇ ದೊಡ್ಡ ಮಾತು, ಓಟು ಹಾಕುವ ಮುಂಚೆ ಸಿಲಿಂಡರಿಗೆ ಪೂಜೆ ಮಾಡಿ ಅಂತ ಡಿ.ಕೆ. ಶಿವಕುಮಾರ್ ಬೇರೆ ಕರೆ ಕೊಟ್ಟಿದ್ದರು. "ಓ, ನೀವು ಕಾಂಗ್ರೆಸ್‌ನೋರಾ?" ಅಂತ ಕೇಳಿದವರಿಗೆ ಲೆಕ್ಕವಿಲ್ಲ. ಮತಯಂತ್ರದಲ್ಲೂ ಹಾಗೆಯೇ. ಹೆಸರು 'ಅ'ದಿಂದ ಶುರುವಾದರೂ ಮಾನ್ಯತೆ ಪಡೆದ ಪಕ್ಷಗಳು ಮೊದಲು, ಬರೀ ನೋಂದಾಯಿತ ಪಕ್ಷಗಳು ಆಮೇಲೆ, ಪಕ್ಷೇತರರು ಕೊನೆಗೆ, ನೋಟಾದ ತಲೆಯ ಮೇಲೆ.

ಹಿಂತೆಗೆತದ ದಿನದ ಬಗ್ಗೆ ಒಂದು ಮಾತು. ಫೋನ್ ಬರುತ್ತದೆ. ಬೆದರಿಕೆಯೇ ಆಗಬೇಕೆಂದಿಲ್ಲ, ಬಹಳ ನಯವಾಗಿ, "ಖರ್ಚಾಗಿದ್ದು ಎಷ್ಟು ಹೇಳಿ" ಅಂತ. ಭಾವ ಅವತ್ತು ಫೋನ್ ಅಕ್ಕನ ಕೈಗೆ ಕೊಟ್ಟು ತೋಟಕ್ಕೆ ಹೋಗಿಬಿಟ್ಟರು. ಹಿಂತೆಗೆದುಕೊಂಡರೆ "ಎಷ್ಟು ತಗೊಂಡ್ರು?" ಅನ್ನುತ್ತಾರೆ, ಉಳಿದರೆ "ಓಟು ಒಡೆಯೋಕೆ ಯಾರೋ ನಿಲ್ಲಿಸಿದ್ದಾರೆ" ಅನ್ನುತ್ತಾರೆ. ಎರಡಕ್ಕೂ ಉತ್ತರ ಕೊಡುತ್ತಾ ಕೂತರೆ ಎರಡು ವಾರ ಅಲ್ಲೇ ಮುಗಿಯುತ್ತದೆ.

ದುಡ್ಡು. ನಮ್ಮ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ. ಅದರ ಹತ್ತಿರಕ್ಕೂ ನಾವು ಹೋಗಲಿಲ್ಲ. ಆದರೆ ಪಕ್ಷದವರಿಗೆ ಇರುವ ಅನುಕೂಲ ನೋಡಿ: ಪಕ್ಷ ತನ್ನ ಪರವಾಗಿ ಮಾಡುವ ಸಾಮಾನ್ಯ ಪ್ರಚಾರಕ್ಕೆ ಮಿತಿಯೇ ಇಲ್ಲ, ತಾರಾ ಪ್ರಚಾರಕರ ಪ್ರಯಾಣದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಮತದಾರರ ಪಟ್ಟಿಯೂ ಮಾನ್ಯತೆ ಇರುವ ಪಕ್ಷದವರಿಗೆ ಪುಕ್ಕಟೆ. ನಮ್ಮದು ಒಂದು ಲೋಟ ಟೀ ಕೂಡ ಲೆಕ್ಕ. ಟೀ, ಕುರ್ಚಿ, ಶಾಮಿಯಾನಕ್ಕೆಲ್ಲ ಜಿಲ್ಲಾ ಚುನಾವಣಾಧಿಕಾರಿ ದರಪಟ್ಟಿ ಮಾಡಿರುತ್ತಾರೆ, ನಿಮ್ಮೂರ ಹೋಟೆಲಿನವನು ಪರಿಚಯಕ್ಕೆ ಕಡಿಮೆಗೆ ಕೊಟ್ಟರೂ ಆ ದರ ಬಿಡುವುದಿಲ್ಲ.

ದುಡ್ಡಿಗಿಂತ ನಮ್ಮನ್ನು ಸೋಲಿಸಿದ್ದು ಬೂತು. 2023ರಲ್ಲಿ ರಾಜ್ಯದಲ್ಲಿ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು. 224ರಿಂದ ಭಾಗಿಸಿ, ಒಂದು ಕ್ಷೇತ್ರಕ್ಕೆ ಸುಮಾರು 260. ಏಳು ಗಂಟೆಗೆ ಮತದಾನ ಅಂದರೆ ಐದೂವರೆಗೇ ಯಂತ್ರ ಪರೀಕ್ಷಿಸುವ ಅಣಕು ಮತದಾನ, ಅಷ್ಟು ಹೊತ್ತಿಗೆ ನಮ್ಮ ಬೂತ್ ಏಜೆಂಟ್ ಅಲ್ಲಿರಬೇಕು, ಸಂಜೆ ಎಷ್ಟು ಓಟು ಬಿದ್ದವೆಂದು ಬರೆದ 17ಸಿ ಫಾರ್ಮ್ ಸಹಿ ಮಾಡಿಸಿ ಇಸಿದುಕೊಳ್ಳುವವರೆಗೂ ಕದಲಬಾರದು. ದೊಡ್ಡ ಪಕ್ಷಗಳ ಎದುರಿಗೆ ಊರಲ್ಲಿ ಮುಖ ತೋರಿಸಿ ಕೂರುವವರು ನಮಗೆ ನಲವತ್ತು ಚಿಲ್ಲರೆ ಬೂತುಗಳಲ್ಲಿ ಮಾತ್ರ ಸಿಕ್ಕರು. "ಓಟು ನಿಮಗೇ ಹಾಕ್ತೀನಿ, ಆದ್ರೆ ಅಲ್ಲಿ ಕೂರೋಕೆ ಆಗಲ್ಲ ಅಣ್ಣ" ಅಂದವರ ಕಷ್ಟ ನನಗೆ ಅರ್ಥವಾಗುತ್ತದೆ. ಮರುದಿನ ಅವರು ಅದೇ ಪಂಚಾಯಿತಿಗೆ ಹೋಗಿ ನರೇಗಾ ಬಿಲ್ಲಿಗೆ ನಿಲ್ಲಬೇಕಿತ್ತಲ್ಲ.

ಹಾಗಾದರೆ ಪಕ್ಷೇತರರು ಗೆಲ್ಲುವುದೇ ಇಲ್ಲವೇ? ಗೆಲ್ಲುತ್ತಾರೆ, ಯಾರು ಅಂತ ಮಾತ್ರ ನೋಡಿ. 2023ರಲ್ಲಿ ಇಬ್ಬರು. ಹರಪನಹಳ್ಳಿಯಲ್ಲಿ ಗೆದ್ದ ಲತಾ ಮಲ್ಲಿಕಾರ್ಜುನ್ ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶ್ ಅವರ ಮಗಳು, ಗೌರಿಬಿದನೂರಲ್ಲಿ ಗೆದ್ದ ಪುಟ್ಟಸ್ವಾಮಿಗೌಡರು ಉದ್ಯಮಿ. 2018ರಲ್ಲಿ ಮುಳಬಾಗಿಲಿನ ಎಚ್. ನಾಗೇಶ್ ಪಕ್ಷೇತರರಾಗಿ ಗೆದ್ದರು, ಆದರೆ ಅಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರವೇ ಜಾತಿ ಪ್ರಮಾಣಪತ್ರದ ವಿಚಾರದಲ್ಲಿ ತಿರಸ್ಕೃತವಾಗಿ ಆ ಬಲ ಇವರಿಗೆ ಬಂತು. ನಿಮ್ಮಂತೆಯೇ ಸಾಫ್ಟ್‌ವೇರ್ ಬಿಟ್ಟು ಬಂದವರು ಮೇಲುಕೋಟೆಯ ದರ್ಶನ್ ಪುಟ್ಟಣ್ಣಯ್ಯ. ಅಮೆರಿಕದಿಂದ ಬಂದು 2018ರಲ್ಲಿ ಸ್ವರಾಜ್ ಇಂಡಿಯಾ ಪಕ್ಷದಿಂದ ನಿಂತು ಸೋತರು, 2023ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ನಿಂತು ಗೆದ್ದರು, ಕಾಂಗ್ರೆಸ್ ತನ್ನ ಅಭ್ಯರ್ಥಿಯನ್ನು ಹಾಕದೆ ಬೆಂಬಲಿಸಿತ್ತು. ಬೆನ್ನ ಹಿಂದೆ ತಂದೆ ಕೆ.ಎಸ್. ಪುಟ್ಟಣ್ಣಯ್ಯ ಹತ್ತಾರು ವರ್ಷ ಕಟ್ಟಿದ ರೈತ ಸಂಘ ಇತ್ತು. ನಿಜವಾಗಿ ಬರಿಗೈಲಿ ಗೆದ್ದವರು ಅಂದರೆ ನನಗೆ ನೆನಪಾಗುವುದು 1952ರಲ್ಲಿ ಸಾಗರ-ಹೊಸನಗರದಿಂದ ಬಂದ ಶಾಂತವೇರಿ ಗೋಪಾಲಗೌಡರು. ಓಟಿನ ಜೊತೆ ಒಂದು ನೋಟನ್ನೂ ಕೇಳಿ ಗೆದ್ದವರು. ಆದರೆ ಅವರು ಸಮಾಜವಾದಿ ಪಕ್ಷದವರು, ಬೆನ್ನಿಗೆ ಹಿಂದಿನ ವರ್ಷ ಗೇಣಿದಾರ ರೈತರ ಹಕ್ಕಿಗಾಗಿ ನಡೆದ ಕಾಗೋಡು ಸತ್ಯಾಗ್ರಹ ಇತ್ತು. ಚುನಾವಣೆಗೆಂದು ಬಂದು ಪರಿಚಯ ಹೇಳಿಕೊಂಡವರಲ್ಲ.

ನಮ್ಮ ಭಾವನ ಕತೆಯಲ್ಲೂ ಇದೇ ಆಯಿತು. ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು, 1,60,000 ಓಟು ಬಿದ್ದಿದ್ದರೆ 26,667. ನಾವು ಅದರ ಹತ್ತಿರವೂ ಇರಲಿಲ್ಲ. ಫಲಿತಾಂಶ ಬಂದ ಮೇಲೆ ಫಾರ್ಮ್ 20 ತೆಗೆದು ನೋಡಿದೆವು, ಅದರಲ್ಲಿ ಬೂತುವಾರು ಓಟು ಇರುತ್ತದೆ. ಗೋಡೆಗೆಲ್ಲ ಸಿಲಿಂಡರ್ ಬರೆಸಿ ಮೈಕು ಕಟ್ಟಿ ತಿರುಗಿದ ಹೋಬಳಿಯಲ್ಲಿ ನಮಗಿಂತ ನೋಟಾ ಮುಂದು. ಒಂದು ದಿನವೂ ಪ್ರಚಾರಕ್ಕೆ ಹೋಗದಿದ್ದ ನಾಲ್ಕು ಬೂತುಗಳಲ್ಲಿ ಭಾವ ಎರಡನೇ ಸ್ಥಾನ! ಎಂಟು ವರ್ಷದಿಂದ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಪಹಣಿ ತಿದ್ದುಪಡಿ, ಪಿಂಚಣಿ, ಪೋಡಿ (ಜಮೀನು ಅಳೆದು ಭಾಗ ಮಾಡುವುದು) ಅಂತ ಅರ್ಜಿ ಬರೆದುಕೊಟ್ಟದ್ದು ಆ ಊರುಗಳವರಿಗೇ. ಕೆರೆ ಹೂಳೆತ್ತಿಸಿದ್ದೂ ಅಲ್ಲೇ.

ಆದ್ದರಿಂದ ಈಗ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಕ್ಷೇತ್ರದ 2018 ಮತ್ತು 2023ರ ಫಾರ್ಮ್ 20 ತೆಗೆದುಕೊಳ್ಳಿ, ಪಕ್ಕದಲ್ಲಿ ಬೂತುಗಳ ಪಟ್ಟಿ ಇಟ್ಟುಕೊಂಡು ಒಂದೊಂದರ ಎದುರಿಗೂ ಬೆಳಗಿನ ಐದೂವರೆಗೆ ನಿಮ್ಮ ಹೆಸರಲ್ಲಿ ಬಂದು ಕೂರುವವರ ಹೆಸರು ಬರೆಯಿರಿ. ಫೇಸ್‌ಬುಕ್ ಸ್ನೇಹಿತರು ಬೇಡ. ನೂರು ದಾಟಿದರೆ ಕೆಲಸಕ್ಕೆ ರಾಜೀನಾಮೆ ಕೊಡುವ ಮಾತಾಡೋಣ. ಇಪ್ಪತ್ತೂ ಆಗದಿದ್ದರೆ ಹೆಸರು ಸಿಕ್ಕಷ್ಟು ಊರುಗಳ ಪಂಚಾಯಿತಿಯಿಂದ ಶುರು ಮಾಡಿ.

ನಿಂತೇ ನಿಲ್ಲುತ್ತೀರಾದರೆ ಇನ್ನೊಂದು. ಸೋತ ಮೇಲೆ ಬೇಜಾರಲ್ಲಿ ಖರ್ಚಿನ ಲೆಕ್ಕ ಕೊಡುವುದನ್ನು ಮರೆಯಬೇಡಿ. ಫಲಿತಾಂಶದಿಂದ 30 ದಿನದೊಳಗೆ ಕೊಡದಿದ್ದರೆ ಮೂರು ವರ್ಷ ಅನರ್ಹ ಮಾಡಬಹುದು. ನಾವು ಜೂನ್ 12ರ ಗಡುವಿಗೆ ಮೂರು ದಿನ ಮುಂಚೆ, ಶಾಮಿಯಾನದವನ ರಸೀದಿ ಹುಡುಕಿಕೊಂಡು ಹೋಗಿ ಕೊಟ್ಟು ಬಂದೆವು.