ದಿನವೂ ಡಿಕ್ಕಿಯಾದರೆ ಎಲ್ಲರಿಗೂ ಕ್ಯಾನ್ಸರ್ ಯಾಕೆ ಬರಲ್ಲ?

ನಿಮ್ಮ ಪ್ರಶ್ನೆ ಇಷ್ಟು: ಡಿಎನ್‌ಎ ನಕಲು ಮಾಡುವ ಯಂತ್ರ, ಜೀನ್ ಓದಿ ಆರ್‌ಎನ್‌ಎ ಬರೆಯುವ ಯಂತ್ರ ಎರಡೂ ಒಂದೇ ಡಿಎನ್‌ಎ ಮೇಲೆ ಡಿಕ್ಕಿ ಹೊಡೆಯುತ್ತವಂತೆ, ಅದಕ್ಕೂ ಕ್ಯಾನ್ಸರ್‌ಗೂ ನಂಟಿದೆಯಂತೆ. ಹಾಗಾದರೆ ನಮಗೆಲ್ಲ ಯಾಕೆ ಬಂದಿಲ್ಲ?

ಈ ಡಿಕ್ಕಿ ಜೀವಕೋಶದ ದಿನನಿತ್ಯದ ರಗಳೆ. ಅದನ್ನು ಬಿಡಿಸುವ ಪ್ರೋಟೀನುಗಳು ಕೈಕೊಟ್ಟಾಗ, ಇಲ್ಲವೇ ರಗಳೆಯೇ ಮಿತಿಮೀರಿದಾಗ ಕಷ್ಟ ಶುರು.

ಈ ಪಾಠ ಮಾಡುವಾಗ ನಾನು ತರಗತಿಗೆ ಒಂದು ಮಾರು ಸೆಣಬಿನ ಹಗ್ಗ ಒಯ್ಯುತ್ತೇನೆ. ಒಂದು ತುದಿಯಿಂದ ಒಬ್ಬ ಹುಡುಗ ಎಳೆ ಬಿಡಿಸುತ್ತ ಬರಬೇಕು, ಇನ್ನೊಂದು ತುದಿಯಿಂದ ಒಬ್ಬ ಹುಡುಗಿ. ಹಗ್ಗ ತಿರುಗಲು ಬಿಡುವಂತಿಲ್ಲ. ಸ್ವಲ್ಪ ಹೊತ್ತಿಗೆ ನಡುವಿನ ಹುರಿ ಬಿಗಿದು ಬಿಗಿದು ಹಗ್ಗ ತಾನಾಗೇ ಸುರುಳಿ ಸುತ್ತಿಕೊಳ್ಳುತ್ತದೆ, ಇಬ್ಬರೂ ನಿಲ್ಲುತ್ತಾರೆ. ಎರಡು ಯಂತ್ರಗಳು ಎದುರುಬದುರು ಬಂದಾಗಲೂ ಹೀಗೇ, ಒಂದನ್ನೊಂದು ಮುಟ್ಟುವ ಮೊದಲೇ ದಾರಿ ಕಟ್ಟಬಹುದು. ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಅಷ್ಟು ತಾಪತ್ರಯವಿಲ್ಲ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಸುಮಾರು 75% ಜೀನ್‌ಗಳು ನಕಲು ಸಾಗುವ ದಿಕ್ಕಿಗೇ ಮುಖ ಮಾಡಿರುವುದು ಸುಮ್ಮನೆ ಅಲ್ಲ.

ಓದುವ ಯಂತ್ರ ಸಿಕ್ಕಿಕೊಂಡ ಜಾಗದಲ್ಲಿ ಆಗತಾನೇ ಬರೆದ ಆರ್‌ಎನ್‌ಎ ಕಳಚಿಕೊಳ್ಳದೆ ಡಿಎನ್‌ಎಯ ಒಂದು ಎಳೆಗೆ ಅಂಟಿಬಿಡಬಹುದು. ಜೊತೆಯ ಎಳೆ ಒಂಟಿಯಾಗಿ ಹೊರಗೆ ಜೋತುಬೀಳುತ್ತದೆ. ಇದಕ್ಕೆ ಆರ್-ಲೂಪ್ ಅನ್ನುತ್ತಾರೆ. ಎದುರುಬದುರು ಡಿಕ್ಕಿಯಲ್ಲಿ ಇವು ಹೆಚ್ಚುತ್ತವೆ, ಒಂದೇ ದಿಕ್ಕಿನದಾದರೆ ನಕಲು ಯಂತ್ರವೇ ಗುಡಿಸಿಕೊಂಡು ಹೋಗುತ್ತದೆ ಎಂದು ಸ್ಟ್ಯಾನ್‌ಫರ್ಡ್‌ನವರು 2017ರಲ್ಲಿ ಮಾನವ ಕೋಶಗಳಲ್ಲೇ ತೋರಿಸಿದರು. ಉಳಿದದ್ದನ್ನು ಆರ್‌ಎನ್‌ಏಸ್ ಎಚ್, ಸೆನಟಾಕ್ಸಿನ್ ಮೊದಲಾದ ಪ್ರೋಟೀನುಗಳು ಬಿಡಿಸುತ್ತವೆ. ಸ್ತನ ಕ್ಯಾನ್ಸರ್ ವಿಷಯದಲ್ಲಿ ನೀವು ಹೆಸರು ಕೇಳಿರುವ ಬಿಆರ್‌ಸಿಎ1, ಬಿಆರ್‌ಸಿಎ2 ಕೂಡ ಈ ಕೆಲಸದಲ್ಲಿ ಕೈಜೋಡಿಸುತ್ತವೆ. ಅವು ಕೆಟ್ಟರೆ ಆರ್-ಲೂಪ್‌ಗಳು ಹಾಗೇ ಉಳಿದು, ನಿಂತುಹೋದ ನಕಲು ಯಂತ್ರದ ಹತ್ತಿರ ಡಿಎನ್‌ಎ ತುಂಡಾಗುತ್ತದೆ. ತುಂಡನ್ನು ಅಡ್ಡಾದಿಡ್ಡಿ ಅಂಟಿಸಿದರೆ ಅದೇ ಮ್ಯುಟೇಶನ್, ಅಂದರೆ ಡಿಎನ್‌ಎ ಬರಹವೇ ಬದಲಾಗುವುದು; ಕ್ಯಾನ್ಸರಿನ ನಂಟು ಇಲ್ಲಿಂದಲೇ.

ನನಗೆ ಇದರಲ್ಲಿ ಬಲು ಇಷ್ಟವಾದ ಉದಾಹರಣೆ ಎಫ್‌ಎಚ್‌ಐಟಿ ಜೀನ್. ಅದರಿಂದ ಬರುವ ಪ್ರೋಟೀನ್ ಬರೀ 147 ಅಮೈನೋ ಆಮ್ಲದ್ದು, ಜೀನ್ ಮಾತ್ರ ಸುಮಾರು 15 ಲಕ್ಷ ಅಕ್ಷರ ಉದ್ದ! ಓದುವ ಯಂತ್ರದ ವೇಗ ನಿಮಿಷಕ್ಕೆ ಹತ್ತಿರ ಹತ್ತಿರ 2,000 ಅಕ್ಷರ. ಲೆಕ್ಕ ಹಾಕಿ: ಹನ್ನೆರಡು ಗಂಟೆಗೂ ಹೆಚ್ಚು. ಕೋಶ ತನ್ನ ಇಡೀ ಡಿಎನ್‌ಎ ನಕಲು ಮಾಡಿ ಮುಗಿಸುವುದೇ ಸುಮಾರು ಎಂಟು ಗಂಟೆಯಲ್ಲಿ. ಓದು ಮುಗಿಯುವ ಮೊದಲೇ ನಕಲು ಬಂದು ಎದುರಾಗದೆ ಇನ್ನೇನು? ಈ ಜಾಗ ಮೂರನೇ ಕ್ರೋಮೋಸೋಮಿನ ಕುಖ್ಯಾತ ದುರ್ಬಲ ತಾಣ, ಹಲವು ಕ್ಯಾನ್ಸರ್‌ಗಳಲ್ಲಿ ಇಲ್ಲಿನ ತುಣುಕುಗಳೇ ಕಾಣೆಯಾಗಿರುತ್ತವೆ. ಮುರಿತಕ್ಕೆ ಡಿಕ್ಕಿಯೇ ಕಾರಣವೋ, ಅಲ್ಲಿ ನಕಲು ಶುರುವಾಗುವ ತಾಣಗಳು ಕಡಿಮೆಯಿದ್ದು ಕೆಲಸ ಹೊತ್ತಿಗೆ ಮುಗಿಯದಿರುವುದು ಕಾರಣವೋ ಎಂಬ ಜಗಳ ಇನ್ನೂ ಇದೆ. ನನ್ನ ಮಟ್ಟಿಗೆ ಎರಡೂ ಇರಬಹುದು.

ಇನ್ನು ರಗಳೆ ಮಿತಿಮೀರುವ ಕತೆ. ಆರೋಗ್ಯವಂತ ಕೋಶ ನಕಲಿಗೆ ಮೊದಲು ಜಿ1 ಹಂತದಲ್ಲಿ ಸಾಕಷ್ಟು ಹೊತ್ತು ಕಳೆಯುತ್ತದೆ. ಆಗ ಓದುವ ಯಂತ್ರಗಳು ಓಡಾಡಿ, ಜೀನ್‌ಗಳ ಒಳಗೆ ನಕಲು ಆರಂಭಿಸಬಹುದಾಗಿದ್ದ ತಾಣಗಳನ್ನು ಅಳಿಸಿಹಾಕುತ್ತವೆ. ಕೋಶವನ್ನು ವಿಭಜನೆಗೆ ತಳ್ಳುವ ಸೈಕ್ಲಿನ್ ಇ ಅಥವಾ ಮಿಕ್ (MYC) ಎಂಬ ಪ್ರೋಟೀನು, ಹಲವು ಕ್ಯಾನ್ಸರ್‌ಗಳಲ್ಲಿ ಆಗುವಂತೆ, ಅತಿಯಾದರೆ ಕೋಶಕ್ಕೆ ಅವಸರ. ಜಿ1 ಮೊಟಕಾಗುತ್ತದೆ, ಆ ತಾಣಗಳು ಅಳಿಯದೆ ಉಳಿದು ಜೀನಿನ ನಡುವೆಯೇ ನಕಲು ಶುರುವಾಗುತ್ತದೆ. ಜಿನೀವಾದ ಸಂಶೋಧಕರಾದ ಮಾಶರೆ ಮತ್ತು ಹಲಜೊನೆಟಿಸ್ 2018ರಲ್ಲಿ ಇದನ್ನು ತೋರಿಸಿದರು. ಡಿಕ್ಕಿಗಳು ಅಲ್ಲೇ ಹೆಚ್ಚುತ್ತವೆ. ಹಾಗಾಗಿ "ಡಿಕ್ಕಿಯಿಂದ ಕ್ಯಾನ್ಸರೋ, ಕ್ಯಾನ್ಸರಿನಿಂದ ಡಿಕ್ಕಿಯೋ" ಎಂದು ಯಾರಾದರೂ ಕೇಳಿದರೆ ಎರಡೂ ಹೌದು ಅನ್ನಿ.

ಇಷ್ಟೊಂದು ಡಿಕ್ಕಿಯ ನಡುವೆ ಬದುಕಲು ಇಂಥ ಕ್ಯಾನ್ಸರ್ ಕೋಶಗಳು ಎಟಿಆರ್ ಎಂಬ ಎಚ್ಚರಿಕೆಯ ಪ್ರೋಟೀನನ್ನು ನೆಚ್ಚಿಕೊಂಡಿರುತ್ತವೆ. ಅದನ್ನು ತಡೆಯುವ ಔಷಧಗಳನ್ನು ರೋಗಿಗಳ ಮೇಲೆ ಪರೀಕ್ಷಿಸಿ ನೋಡುತ್ತಿರುವುದು ಇದೇ ಕಾರಣಕ್ಕೆ.